ಮೂರು ದಿನದ ಮುಂಬೈ, ಎರಡು ತಿಂಗಳ ತಯಾರಿ

ಧಾರವಾಡಕ್ಕೆ ಮರಳಿ ನಾಲ್ಕು ದಿನವಾಯಿತು. ಅವ್ವನ ಮೊಣಕಾಲಿನ ಊತ ಇಳಿದಿದೆ. ಮಗಳು ಕಂಡಕಂಡ ನೋಟ್‌ಬುಕ್ಕಿನಲ್ಲೆಲ್ಲ ಪೆಂಗ್ವಿನ್ ಬಿಡಿಸುತ್ತಿದ್ದಾಳೆ. ನಾನು ಮಾತ್ರ ಮೊಬೈಲಿನಲ್ಲಿ ಬರೆದಿಟ್ಟುಕೊಂಡಿದ್ದ ಹನ್ನೊಂದು ಪಟ್ಟಿಗಳನ್ನು ಇನ್ನೂ ಅಳಿಸಿಲ್ಲ. ವಯಸ್ಸಾದವರನ್ನೂ ಚಿಕ್ಕ ಮಕ್ಕಳನ್ನೂ ಕಟ್ಟಿಕೊಂಡು ಎರಡು ಮೂರು ದಿನಕ್ಕೆ ಮುಂಬೈ ನೋಡಿ ಬರಬೇಕೆಂದಿರುವವರಿಗೆ ಉಪಯೋಗವಾಗಲಿ ಎಂದು, ಮರೆಯುವ ಮೊದಲೇ ಬರೆಯುತ್ತಿದ್ದೇನೆ.

ಹೊರಟವರು ನಾಲ್ವರು. 66 ವರ್ಷದ ಅವ್ವ, 71 ವರ್ಷದ ದೊಡ್ಡವ್ವ, ಒಂಬತ್ತು ವರ್ಷದ ಮಗಳು, ನಾನು. ನಮ್ಮ ಮನೆಯವರಿಗೆ ರಜೆ ಸಿಗಲಿಲ್ಲ. ಮಗಳ ಶಾಲೆಗೆ ಜನವರಿಯಲ್ಲಿ ವಾರ್ಷಿಕೋತ್ಸವದ ಮರುದಿನ, ಸೋಮವಾರ, ರಜೆ ಎಂದು ಗೊತ್ತಿತ್ತು. ಶುಕ್ರವಾರ ಸಂಜೆ ರೈಲು ಹತ್ತಿ, ಶನಿವಾರ, ಭಾನುವಾರ, ಸೋಮವಾರ ಸುತ್ತಾಡಿ, ಸೋಮವಾರ ರಾತ್ರಿ ದಾದರ್‌ನಿಂದ ಮರಳುವುದು ಎಂದು ಗೊತ್ತು ಮಾಡಿದೆ. ವಾರ್ಷಿಕೋತ್ಸವದಲ್ಲಿ ಮಗಳ ಪಾತ್ರ ಮರದ ಕೊಂಬೆ. ಆದ್ದರಿಂದ ಅದನ್ನು ತಪ್ಪಿಸಲು ಟೀಚರ್ ಅಷ್ಟೇನೂ ತಕರಾರು ಮಾಡಲಿಲ್ಲ.

ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು, ಬೆಳಗ್ಗೆ 8 ಗಂಟೆಗೆ ತೆರೆಯುತ್ತದೆ. ಮೊದಲಿದ್ದ 120 ದಿನದ ಲೆಕ್ಕದಲ್ಲೇ ಇದ್ದ ನಾನು ಸೆಪ್ಟೆಂಬರ್‌ನಲ್ಲಿ ಒಂದು ಸಂಜೆ ಪೂರ್ತಿ ಪರದೆಯ ಮುಂದೆ ಕುಳಿತು, ದಿನಾಂಕವೇ ಕಾಣಿಸುತ್ತಿಲ್ಲ ಎಂದು ಒದ್ದಾಡಿದೆ. ನವೆಂಬರ್‌ನಲ್ಲಿ ಸರಿಯಾದ ದಿನ ಬೆಳಗ್ಗೆ ಚಹಾ ಸಹ ಕುಡಿಯದೆ ಕುಳಿತು ನಾಲ್ವರನ್ನೂ ಒಂದೇ ಟಿಕೆಟ್ಟಿನಲ್ಲಿ ಹಾಕಿದೆ. ಅವ್ವನಿಗೆ ಮಧ್ಯದ ಬರ್ತ್, ದೊಡ್ಡವ್ವನಿಗೆ ಮೇಲಿನದು!

ಹಿರಿಯರಿಗೆಂದು ಕೆಳಗಿನ ಬರ್ತ್‌ಗಳ ಒಂದು ಕೋಟಾ ಇದೆ. ಹೆಂಗಸರಿಗೆ 45 ವರ್ಷವಾಗಿದ್ದರೆ ಸಾಕು. ಆದರೆ ಒಂದು ಟಿಕೆಟ್ಟಿನಲ್ಲಿ ಆ ವಯಸ್ಸಿನವರು ಒಬ್ಬರೋ ಇಬ್ಬರೋ ಮಾತ್ರ ಇರಬೇಕು, ಜೊತೆಗೆ ಕಿರಿಯರು ಇರಬಾರದು. ಅವರೊಂದಿಗೆ ನಾವೂ ಸೇರಿದರೆ ಆ ಕೋಟಾ ಸಿಗುವುದಿಲ್ಲ. ಇದು ತಿಳಿದ ಮೇಲೆ ಮೊದಲ ಟಿಕೆಟ್ ರದ್ದು ಮಾಡಿ, ಅವ್ವ ಮತ್ತು ದೊಡ್ಡವ್ವನದು ಒಂದು, ನನ್ನದೂ ಮಗಳದೂ ಇನ್ನೊಂದು ಎಂದು ಎರಡು ಟಿಕೆಟ್ ತೆಗೆದೆ. ಹಿರಿಯರಿಬ್ಬರಿಗೂ ಕೆಳಗಿನ ಬರ್ತ್ ಸಿಕ್ಕಿತು. ನಮಗಿಬ್ಬರಿಗೆ ಸಿಕ್ಕಿದ್ದು ಎರಡು ಬೋಗಿ ಆಚೆ. ಹಿರಿಯ ನಾಗರಿಕರ ರಿಯಾಯಿತಿ 2020ರಿಂದ ಇಲ್ಲ. ಐದು ವರ್ಷ ದಾಟಿದ ಮಗುವಿಗೆ ಬರ್ತ್ ಬೇಕೆಂದರೆ ಪೂರ್ತಿ ದರ. ಹಾಗಾಗಿ ಮೂರನೇ ದರ್ಜೆಯ ಎ.ಸಿ.ಗೆ ನಾಲ್ವರಿಗೂ ತಲಾ ಸಾವಿರದ ಆಸುಪಾಸು ಬಿತ್ತು. ಮರಳಿ ಬರುವ ಪ್ರಯಾಣಕ್ಕೆ ಹಿರಿಯರಿಬ್ಬರ ಟಿಕೆಟ್ ಖಚಿತವಾಯಿತು. ನನಗೂ ಮಗಳಿಗೂ ವೇಟಿಂಗ್ ಲಿಸ್ಟ್ 4 ಮತ್ತು 5. ಎರಡು ತಿಂಗಳಿದೆಯಲ್ಲ, ಆಗಿಯೇ ಆಗುತ್ತದೆ ಎಂದುಕೊಂಡೆ.

ಆಮೇಲೆ ನಡೆದದ್ದು ಪಟ್ಟಿಗಳ ಕಾಲ. ದೊಡ್ಡವ್ವನಿಗೆ ಮಹಾಲಕ್ಷ್ಮಿ ಗುಡಿ, ಮಗಳಿಗೆ ಪೆಂಗ್ವಿನ್, ನನಗೆ ಎಲಿಫೆಂಟಾ ಮತ್ತು ಕಾನ್ಹೇರಿ ಗುಹೆಗಳು. ಅವ್ವನನ್ನು ಕೇಳಿದಾಗಲೆಲ್ಲ “ನೀವು ಎಲ್ಲಿ ಕರೆದುಕೊಂಡು ಹೋದರೂ ಸರಿ” ಎನ್ನುತ್ತಿದ್ದಳು. ನಾಲ್ಕನೇ ಸಲ ಕೇಳಿದಾಗ, ಮದುವೆಗೆ ಮೊದಲು ತನ್ನ ಅಣ್ಣ ಮುಂಬೈಯಲ್ಲಿ ಹೋಟೆಲ್ ಕೆಲಸಕ್ಕಿದ್ದಾಗ ಒಮ್ಮೆ ಹೋಗಿದ್ದೆನೆಂದೂ, ಎರಡಂತಸ್ತಿನ ಕೆಂಪು ಬಸ್ಸಿನ ಮೇಲೆ ಮುಂದಿನ ಸೀಟಿನಲ್ಲಿ ಕೂರಬೇಕೆಂದು ಆಸೆಪಟ್ಟರೂ ಅಣ್ಣ ಸಮಯವಿಲ್ಲವೆಂದು ಕೆಳಗೇ ಕೂರಿಸಿದನೆಂದೂ ಹೇಳಿದಳು. ನಾನು ಅದನ್ನು ಪಟ್ಟಿಯ ಕೊನೆಯಲ್ಲಿ ಬರೆದುಕೊಂಡೆ.

ನನ್ನ ಮೊದಲ ಯೋಜನೆ ನೋಡಲು ಚೆನ್ನಾಗಿತ್ತು. ಶನಿವಾರ ದೇವಸ್ಥಾನ ಮತ್ತು ಪೇಟೆ, ಭಾನುವಾರ ಲೋಕಲ್ ರೈಲಿನಲ್ಲಿ ಊರು ಸುತ್ತುವುದು, ಜನ ಕಡಿಮೆ ಇರುವ ಸೋಮವಾರ ಎಲಿಫೆಂಟಾ. ಹೊರಡಲು ಹತ್ತು ದಿನವಿರುವಾಗ, ಹಿಂದೆ ಮುಂಬೈಯಲ್ಲಿದ್ದ ಸಹೋದ್ಯೋಗಿಯೊಬ್ಬರಿಗೆ ಇದನ್ನು ಹೆಮ್ಮೆಯಿಂದ ತೋರಿಸಿದೆ. ಅವರು ಓದಿ, “ಎಲಿಫೆಂಟಾ ಸೋಮವಾರ ಮುಚ್ಚಿರುತ್ತದೆ ಮೇಡಂ, ಭಾನುವಾರ ಲೋಕಲ್‌ಗಳಿಗೆ ಮೆಗಾ ಬ್ಲಾಕ್” ಎಂದರು. ನನ್ನ ಯೋಜನೆಯ ಮೂರು ದಿನಗಳಲ್ಲಿ ಎರಡು ಅಲ್ಲಿಗೇ ಮುಗಿದವು.

ಆ ರಾತ್ರಿ ಕುಳಿತು ವಾರಗಳ ಲೆಕ್ಕ ಹಾಕಿದೆ. ಎಲಿಫೆಂಟಾಕ್ಕೆ ಸೋಮವಾರ ರಜೆ. ಕಾನ್ಹೇರಿ ಗುಹೆಗಳಿರುವ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೂ ಸೋಮವಾರವೇ. ಪೆಂಗ್ವಿನ್ ಇರುವ ಭಾಯಖಳಾದ ರಾಣಿ ಬಾಗ್ ಮೃಗಾಲಯಕ್ಕೆ ಬುಧವಾರ. ಸಿದ್ಧಿವಿನಾಯಕನಲ್ಲಿ ಮಂಗಳವಾರ ಕಾಲಿಡಲು ಜಾಗವಿರುವುದಿಲ್ಲ. ಭಾನುವಾರ ಹಗಲು ಹಳಿ ದುರಸ್ತಿಗೆಂದು ಯಾವುದಾದರೂ ಮಾರ್ಗದಲ್ಲಿ ಲೋಕಲ್ ರೈಲುಗಳನ್ನು ಕೆಲವು ತಾಸು ನಿಲ್ಲಿಸುತ್ತಾರೆ ಇಲ್ಲವೆ ಬೇರೆ ಹಳಿಗೆ ತಿರುಗಿಸುತ್ತಾರೆ. ಅದೇ ಮೆಗಾ ಬ್ಲಾಕ್. ಎಲ್ಲಿಂದ ಎಲ್ಲಿಗೆ ಎಂಬುದು ಒಂದೆರಡು ದಿನ ಮೊದಲಷ್ಟೇ ಪತ್ರಿಕೆಗಳಲ್ಲಿ ಬರುತ್ತದೆ. ನೀವು ಹೊರಡುವವರಿದ್ದರೆ, ಸ್ಥಳ ಹಿಡಿದು ವಾರ ಹುಡುಕಬೇಡಿ, ವಾರ ಹಿಡಿದು ಸ್ಥಳ ಹುಡುಕಿ. ನಾನು ಶನಿವಾರಕ್ಕೆ ಎಲಿಫೆಂಟಾ, ಭಾನುವಾರಕ್ಕೆ ದೇವಸ್ಥಾನ ಮತ್ತು ಬಸ್ಸು, ಸೋಮವಾರಕ್ಕೆ ರಾಣಿ ಬಾಗ್ ಎಂದು ಬದಲಿಸಿದೆ. ಕಾನ್ಹೇರಿಯನ್ನು ಕೈಬಿಟ್ಟೆ. ಅದರ ನೋವು ಇನ್ನೂ ಇದೆ.

ವಸತಿಯದೂ ಒಂದು ಕಥೆ. ‘ಮುಂಬೈ’ ಎಂದು ಹುಡುಕಿ 1,800 ರೂಪಾಯಿಗೆ ಕೋಣೆ ಸಿಕ್ಕಿತೆಂದು ಹಿಗ್ಗಿದ್ದೆ. ನಕಾಶೆ ದೊಡ್ಡದು ಮಾಡಿ ನೋಡಿದರೆ ಅದು ಸಮುದ್ರದ ಖಾಡಿಯ ಆಚೆ, ನವಿ ಮುಂಬೈಯಲ್ಲಿ! ರದ್ದು ಮಾಡಿದ್ದಕ್ಕೆ 500 ರೂಪಾಯಿ ಹೋಯಿತು. ಕೊನೆಗೆ ಫೋರ್ಟ್ ಭಾಗದಲ್ಲಿ, ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ಗೆ ನಡೆದು ಹೋಗುವಷ್ಟು ಹತ್ತಿರ, ನಾಲ್ಕು ಹಾಸಿಗೆಯ ಕೋಣೆ ದಿನಕ್ಕೆ 4,200ಕ್ಕೆ ಸಿಕ್ಕಿತು. ದುಬಾರಿಯೇ. ಆದರೆ ಮುಂಬೈ ಬೆಳಗ್ಗೆ ದಕ್ಷಿಣಕ್ಕೆ ನುಗ್ಗುತ್ತದೆ, ಸಂಜೆ ಉತ್ತರಕ್ಕೆ ಮರಳುತ್ತದೆ. ದಕ್ಷಿಣದ ತುದಿಯಲ್ಲಿ ಉಳಿದವರು ಬೆಳಗ್ಗೆ ಹೊರಟರೆ ಗುಂಪು ಎದುರಿನಿಂದ ಬರುತ್ತಿರುತ್ತದೆ, ನಾವು ಹತ್ತುವ ರೈಲು ಖಾಲಿ ಇರುತ್ತದೆ. ಮೊಣಕಾಲು ನೋವಿನವರು ಜೊತೆಗಿದ್ದರೆ ಈ ಲೆಕ್ಕಕ್ಕೆ ದುಡ್ಡು ಕೊಡಬಹುದು.

ಶನಿವಾರ ನಸುಕಿನಲ್ಲಿ ದಾದರ್‌ನಲ್ಲಿ ಇಳಿದೆವು. ರೈಲಿನಲ್ಲಿ ಟಿಕೆಟ್ ತಪಾಸಣೆಗೆ ಬಂದ ಟಿ.ಟಿ.ಇ.ಯವರು ಮಗಳ ಬರ್ತನ್ನು ಅಜ್ಜಿಯರ ಬೋಗಿಗೇ ಬದಲಿಸಿ ಕೊಟ್ಟಿದ್ದರು. ನಾನು ಎರಡು ಬೋಗಿ ಆಚೆ ಒಬ್ಬಳೇ ಇದ್ದು ಎಷ್ಟೋ ದಿನಗಳ ನಂತರ ನೆಮ್ಮದಿಯಾಗಿ ನಿದ್ದೆ ಮಾಡಿದೆ. ನಿಲ್ದಾಣದ ಹೊರಗೆ ಟ್ಯಾಕ್ಸಿಯವನೊಬ್ಬ ಫೋರ್ಟ್‌ಗೆ 700 ಕೇಳಿದ. ಕಪ್ಪು ಹಳದಿ ಟ್ಯಾಕ್ಸಿಯ ಕನಿಷ್ಠ ದರ 31 ರೂಪಾಯಿ, ಅದಕ್ಕೆ ಮೀಟರ್ ಇದೆ, ಮಧ್ಯರಾತ್ರಿಯಿಂದ ಬೆಳಗ್ಗೆ 5ರವರೆಗೆ ಮಾತ್ರ ಹೆಚ್ಚುವರಿ ಎಂದು ಓದಿಕೊಂಡು ಹೋಗಿದ್ದೆ. ಸ್ವಲ್ಪ ಮುಂದೆ ನಡೆದು ಮೀಟರ್ ಹಾಕುವವನನ್ನು ಹಿಡಿದೆವು. ಆಟೊ ಹುಡುಕಿ ಸಮಯ ಕಳೆಯಬೇಡಿ. ಬಾಂದ್ರಾ, ಸಾಯನ್ ದಾಟಿ ದಕ್ಷಿಣಕ್ಕೆ ಆಟೊಗಳಿಗೆ ಪ್ರವೇಶವೇ ಇಲ್ಲ.

ಲಾಡ್ಜ್ ತಲುಪಿದಾಗ ಇನ್ನೂ ಆರೂವರೆ. ಕೋಣೆ ಸಿಗುವುದು ಮಧ್ಯಾಹ್ನ ಹನ್ನೆರಡಕ್ಕೆ ಎಂದರು. ರಸೀದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಬರೆದಿತ್ತಂತೆ. ದೊಡ್ಡವ್ವ ಕೌಂಟರಿನ ಮುಂದಿನ ಸೋಫಾದಲ್ಲಿ ಕುಳಿತು, “ಸ್ನಾನವಿಲ್ಲದೆ ನಾನು ಎಲ್ಲಿಗೂ ಬರುವುದಿಲ್ಲ” ಎಂದುಬಿಟ್ಟರು. ಕೊನೆಗೆ 400 ರೂಪಾಯಿ ಹೆಚ್ಚು ಕೊಟ್ಟು, ಖಾಲಿಯಿದ್ದ ಒಂದು ಸಣ್ಣ ಕೋಣೆಯಲ್ಲಿ ಸರದಿಯಂತೆ ಸ್ನಾನ ಮುಗಿಸಿದೆವು. ಬೆಳಗ್ಗೆ ಬೇಗ ಇಳಿಯುವ ರೈಲಾದರೆ, ಕೋಣೆ ಕಾಯ್ದಿರಿಸುವಾಗಲೇ ಫೋನು ಮಾಡಿ ಇದನ್ನು ಮಾತಾಡಿಕೊಳ್ಳಿ. ನಾಲ್ವರ ಮೂಲ ಆಧಾರ್ ಕಾರ್ಡುಗಳನ್ನೂ ಕೇಳಿದರು. ಮಗಳದು ಮೊಬೈಲಿನಲ್ಲಿತ್ತು, ಒಪ್ಪಿಕೊಂಡರು.

ಎಲಿಫೆಂಟಾದ ದೋಣಿಗಳು ಗೇಟ್‌ವೇ ಆಫ್ ಇಂಡಿಯಾದಿಂದ ಒಂಬತ್ತರ ಸುಮಾರಿಗೆ ಶುರುವಾಗುತ್ತವೆ. ಹೋಗಿಬರುವ ಟಿಕೆಟ್ ದೊಡ್ಡವರಿಗೆ 260, ಮಗಳಿಗೆ ಅದಕ್ಕಿಂತ ಕಡಿಮೆ ಕೊಟ್ಟೆವು. ಮೇಲಂತಸ್ತಿನಲ್ಲಿ ಕೂರಲು ದೋಣಿಯೊಳಗೆ ಮತ್ತೆ ಹತ್ತಿಪ್ಪತ್ತು ವಸೂಲಿ ಮಾಡುತ್ತಾರೆ. 2024ರ ಡಿಸೆಂಬರ್‌ನಲ್ಲಿ ನೌಕಾಪಡೆಯ ವೇಗದ ದೋಣಿ ಪ್ರವಾಸಿಗರ ದೋಣಿಗೆ ಬಡಿದ ದುರಂತವನ್ನು ಅವ್ವ ಟಿ.ವಿ.ಯಲ್ಲಿ ನೋಡಿದ್ದಳು. ಅದನ್ನು ನನಗೆ ಹೇಳದೆ ಎರಡು ತಿಂಗಳು ಮನಸ್ಸಿನಲ್ಲಿಟ್ಟುಕೊಂಡು, ದೋಣಿಯ ಮೆಟ್ಟಿಲ ಮೇಲೆ ನಿಂತು ಹೇಳಿದಳು. ಹಿಂದೆ ಸಾಲು ಬೆಳೆಯುತ್ತಿತ್ತು. ಸಿಬ್ಬಂದಿ ಜೀವರಕ್ಷಕ ಜಾಕೆಟ್ ತಂದು ಕೊಟ್ಟಾಗ ಮೊದಲು ಮೊಮ್ಮಗಳಿಗೆ ಕಟ್ಟಿ, ಗಂಟು ಎಳೆದು ನೋಡಿ, ಆಮೇಲೆ ತಾನು ಹಾಕಿಕೊಂಡಳು. ಒಂದು ತಾಸಿನ ದಾರಿ. ಚಳಿಗಾಲಕ್ಕೆ ಬಂದ ಕಡಲಕ್ಕಿಗಳು ದೋಣಿಯ ಜೊತೆಗೇ ಹಾರಿಬಂದವು. ಅರ್ಧ ದಾರಿಯಲ್ಲಿ ಅವ್ವನೇ ಮಗಳಿಗೆ ಹಡಗುಗಳನ್ನು ತೋರಿಸತೊಡಗಿದ್ದಳು.

ಧಕ್ಕೆಯಿಂದ ಬೆಟ್ಟದ ಬುಡದವರೆಗೆ ಪುಟ್ಟ ರೈಲಿದೆ, ಹಿರಿಯರಿದ್ದರೆ ಹತ್ತಿಬಿಡಿ. ಅಲ್ಲಿಂದ ಸುಮಾರು 120 ಮೆಟ್ಟಿಲು. ಕುರ್ಚಿಗೆ ಬಿದಿರು ಕಟ್ಟಿದ ಡೋಲಿಯಲ್ಲಿ ಹೊತ್ತೊಯ್ಯುವವರಿದ್ದಾರೆ. 2,000 ಕೇಳಿದವರು 1,200ಕ್ಕೆ ಇಳಿದರು. ದೊಡ್ಡವ್ವ ಒಪ್ಪಲಿಲ್ಲ. “ಇನ್ನೂ ನಾಲ್ಕು ಜನ ಹೊರುವ ಹೊತ್ತು ಬಂದಿಲ್ಲ” ಎಂದು ಸೆರಗು ಸಿಕ್ಕಿಸಿಕೊಂಡು ಹತ್ತಿದರು. ಹತ್ತು ಮೆಟ್ಟಿಲಿಗೊಮ್ಮೆ ನಿಂತು ಪೇರಲ, ಸೌತೆಕಾಯಿ, ಮಣಿಸರ ಎಂದು ಪ್ರತಿ ಅಂಗಡಿಯ ದರ ವಿಚಾರಿಸಿದರು. ಏನನ್ನೂ ಕೊಳ್ಳಲಿಲ್ಲ, ದಣಿವಾರಿತು. ಕೈಯಲ್ಲಿ ತಿಂಡಿ ಹಿಡಿಯಬೇಡಿ, ಕೋತಿಗಳಿವೆ. ಪ್ರವೇಶ ಟಿಕೆಟ್ 40 ರೂಪಾಯಿ, ಹದಿನೈದರ ಒಳಗಿನ ಮಕ್ಕಳಿಗಿಲ್ಲ.

ಮುಖ್ಯ ಗುಹೆಯ ಅರೆಗತ್ತಲೆಯಲ್ಲಿ ಸುಮಾರು ಇಪ್ಪತ್ತು ಅಡಿ ಎತ್ತರದ ಆ ಮೂರು ಮುಖದ ಶಿವನ ಎದುರು ನಾವು ಮುಕ್ಕಾಲು ತಾಸು ಕುಳಿತೆವು. ತ್ರಿಮೂರ್ತಿ ಎಂದು ಎಲ್ಲರೂ ಕರೆಯುತ್ತಾರೆ, ಆದರೆ ಅದು ಸದಾಶಿವ. ಇನ್ನೊಂದು ಮುಖ ಹಿಂದಕ್ಕೆ, ಮತ್ತೊಂದು ಮೇಲಕ್ಕೆ, ಕಾಣದವು. ಧಾರವಾಡದವಳಾದ ನನಗೆ ಇನ್ನೊಂದು ನೆನಪಾಯಿತು. ಐಹೊಳೆಯ ಮೇಗುತಿ ಗುಡಿಯ 634ರ ಶಾಸನದಲ್ಲಿ, ಇಮ್ಮಡಿ ಪುಲಿಕೇಶಿ ಪಶ್ಚಿಮ ಸಮುದ್ರದ ಲಕ್ಷ್ಮಿಯಂತಿದ್ದ ಪುರಿಯನ್ನು ಮದ್ದಾನೆಗಳಂಥ ಹಡಗುಗಳಿಂದ ಮುತ್ತಿದ ಎಂದಿದೆ. ಆ ಪುರಿ ಈ ಘಾರಾಪುರಿಯೇ, ಅಂದರೆ ಎಲಿಫೆಂಟಾ ದ್ವೀಪವೇ, ಇರಬೇಕೆಂದು ಕೆಲವು ಇತಿಹಾಸಕಾರರು ಹೇಳುತ್ತಾರೆ. ಮಗಳಿಗೆ ಇದನ್ನು ಹೇಳಿದೆ. “ಹಾಗಾದರೆ ಆನೆ ಎಲ್ಲಿ?” ಎಂದಳು. ಪೋರ್ಚುಗೀಸರು ಈ ದ್ವೀಪಕ್ಕೆ ಎಲಿಫೆಂಟಾ ಎಂದು ಹೆಸರಿಟ್ಟದ್ದು ಇಲ್ಲಿದ್ದ ಕಲ್ಲಾನೆಯಿಂದ. ಅದು ಈಗ ರಾಣಿ ಬಾಗ್‌ನಲ್ಲಿದೆ, ಸೋಮವಾರ ನೋಡೋಣ ಎಂದೆ. ಯೋಜನೆ ಇದ್ದಕ್ಕಿದ್ದಂತೆ ಜಾಣತನದ್ದಾಗಿ ಕಂಡಿತು.

ಆ ಹೆಮ್ಮೆ ಧಕ್ಕೆಗೆ ಇಳಿಯುವವರೆಗೆ ಮಾತ್ರ. ಶನಿವಾರ ಮಧ್ಯಾಹ್ನ ಮರಳುವ ದೋಣಿಗೆ ಒಂದು ತಾಸು ಇಪ್ಪತ್ತು ನಿಮಿಷ ಬಿಸಿಲಲ್ಲಿ ನಿಂತೆವು. ಸಾಧ್ಯವಿದ್ದರೆ ಮಂಗಳವಾರದಿಂದ ಶುಕ್ರವಾರದೊಳಗೆ ಹೋಗಿ. ಆಗದಿದ್ದರೆ ಮೊದಲ ದೋಣಿಗೆ ಹೋಗಿ ಮಧ್ಯಾಹ್ನ ಒಂದು ಗಂಟೆಯೊಳಗೆ ಮರಳಿಬಿಡಿ.

ಭಾನುವಾರ ಬೆಳಗ್ಗೆ ಏಳಕ್ಕೆ ಟ್ಯಾಕ್ಸಿಯಲ್ಲಿ ಮಹಾಲಕ್ಷ್ಮಿ. ರಸ್ತೆಗಳು ಖಾಲಿ, ದರ್ಶನ ಅರ್ಧ ತಾಸಿನಲ್ಲಿ ಆಯಿತು. ಮಹಾಲಕ್ಷ್ಮಿ ರೈಲು ನಿಲ್ದಾಣ ಗುಡಿಯ ಪಕ್ಕದಲ್ಲೇ ಇರುತ್ತದೆ ಎಂದುಕೊಂಡು ಇಳಿಯಬೇಡಿ. ಅದರ ಮಗ್ಗುಲಿಗಿರುವುದು ಧೋಬಿ ಘಾಟ್, ಗುಡಿ ಸಾಕಷ್ಟು ದೂರ. ಹೆಸರಿನ ಇನ್ನೊಂದು ಬಲೆ ಮುಂಬೈ ಸೆಂಟ್ರಲ್. ಅದು ಇರುವುದು ಸೆಂಟ್ರಲ್ ಮಾರ್ಗದಲ್ಲಲ್ಲ, ವೆಸ್ಟರ್ನ್ ಮಾರ್ಗದಲ್ಲಿ. ಸಮುದ್ರದೊಳಗಿನ ಹಾಜಿ ಅಲಿ ದರ್ಗಾಕ್ಕೆ ಕಾಲುದಾರಿಯಲ್ಲಿ ನಡೆದು ಹೋಗಬೇಕೆಂದಿದ್ದೆವು. ಆದರೆ ಭರತ ಬಂದಾಗ ಆ ಕಾಲುದಾರಿ ಮುಳುಗುತ್ತದೆ. ನಾವು ಹೋದಾಗ ಅಲೆಗಳು ಕಲ್ಲಿನ ಮೇಲೆ ಹಾಯುತ್ತಿದ್ದವು. ಹಿಂದಿನ ರಾತ್ರಿಯೇ ಭರತ ಇಳಿತದ ವೇಳೆ ನೋಡಿಕೊಳ್ಳಬಹುದಿತ್ತು. ನನ್ನ ಹನ್ನೊಂದು ಪಟ್ಟಿಗಳಲ್ಲಿ ಅದೊಂದಿರಲಿಲ್ಲ.

ಈ ನಡುವೆ ನನ್ನ ಹೊಟ್ಟೆಯಲ್ಲಿ ಬೇರೆಯೇ ಸಂಕಟ. ಎರಡು ತಿಂಗಳಲ್ಲಿ ನಮ್ಮ ವೇಟಿಂಗ್ ಲಿಸ್ಟ್ 4 ಮತ್ತು 5 ಇಳಿದದ್ದು 1 ಮತ್ತು 2ಕ್ಕೆ. ಅಲ್ಲಿಯೇ ನಿಂತಿತ್ತು. ವೇಟಿಂಗ್ ಲಿಸ್ಟಿನಲ್ಲಿ ಉಳಿದ ಇ-ಟಿಕೆಟ್ ಚಾರ್ಟ್, ಅಂದರೆ ಬರ್ತ್‌ಗಳ ಅಂತಿಮ ಪಟ್ಟಿ, ಆದ ಕೂಡಲೇ ತಾನಾಗಿಯೇ ರದ್ದಾಗುತ್ತದೆ, ಅದನ್ನು ಹಿಡಿದು ರೈಲು ಹತ್ತುವಂತಿಲ್ಲ. ಆದ್ದರಿಂದ ಭಾನುವಾರ ಬೆಳಗ್ಗೆ ಹತ್ತಕ್ಕೆ ಎ.ಸಿ. ತತ್ಕಾಲ್, ಅಂದರೆ ಹೊರಡುವ ಹಿಂದಿನ ದಿನದ ತುರ್ತು ಬುಕಿಂಗ್, ತೆರೆಯುವ ಹೊತ್ತಿಗೆ ಗುಡಿಯ ಹೊರಗೆ ಒಂದು ಕಟ್ಟೆಯ ಮೇಲೆ ಮೊಬೈಲ್ ಹಿಡಿದು ಕುಳಿತೆ. ಹೆಸರು, ವಯಸ್ಸು, ಎಲ್ಲ ತುಂಬಿದೆ. ಪರದೆ ಆಧಾರ್ ಒ.ಟಿ.ಪಿ. ಕೇಳಿತು. ಖಾತೆ ನಮ್ಮ ಮನೆಯವರದು, ಒ.ಟಿ.ಪಿ. ಹೋದದ್ದು ಧಾರವಾಡದಲ್ಲಿರುವ ಅವರ ಫೋನಿಗೆ. ಕರೆ ಮಾಡಿದರೆ ಎತ್ತಲಿಲ್ಲ. ಐದು ಸಲ ಮಾಡಿದೆ. ಹತ್ತು ಗಂಟೆ ನಾಲ್ಕು ನಿಮಿಷಕ್ಕೆ ತತ್ಕಾಲ್ ಮುಗಿದುಹೋಗಿತ್ತು. ಹತ್ತು ಇಪ್ಪತ್ತಕ್ಕೆ ಫೋನು ಬಂತು. “ತಲೆಗೆ ಎಣ್ಣೆ ಹಚ್ಚಿಕೊಂಡಿದ್ದೆ. ಏನೋ ಆರು ಅಂಕಿ ಬಂದಿದೆ, ಓದಲೇ?” ಎಂದರು. ನಾನು ಏನೆಂದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನಿಮ್ಮ ಟಿಕೆಟ್‌ಗೆ ನಿಮ್ಮದೇ ಖಾತೆ ತೆರೆಯಿರಿ, ನಿಮ್ಮದೇ ಆಧಾರ್ ಜೋಡಿಸಿ.

ಊಟಕ್ಕೆ ದಕ್ಷಿಣ ಭಾರತೀಯರ ಬಡಾವಣೆಯಾದ ಮಾಟುಂಗಾ ಎಂದು ಮೊದಲೇ ನಿಶ್ಚಯವಾಗಿತ್ತು. ಆ ದಿನ ಮೆಗಾ ಬ್ಲಾಕ್ ನಮ್ಮ ಮಾರ್ಗದ ಮೇಲೆಯೇ ಬಿದ್ದಿತ್ತು. ಆದರೆ ನೆಲದಡಿಯ ಮೆಟ್ರೊಗೆ ಮೆಗಾ ಬ್ಲಾಕ್‌ನ ಕಾಟವಿಲ್ಲ. 2025ರ ಅಕ್ಟೋಬರ್‌ನಿಂದ ಅದು ದಕ್ಷಿಣ ತುದಿಯ ಕಫ್ ಪರೇಡ್‌ವರೆಗೂ ಓಡುತ್ತಿದೆ. ಲಿಫ್ಟ್, ಎಸ್ಕಲೇಟರ್ ಎಲ್ಲ ಇರುವುದರಿಂದ ಹಿರಿಯರಿಗೆ ಅನುಕೂಲ. ದಾದರ್‌ನಲ್ಲಿ ಇಳಿದು ಟ್ಯಾಕ್ಸಿ ಹಿಡಿದೆವು. ಬಾಳೆಯೆಲೆಯ ಊಟಕ್ಕೆ ಟೋಕನ್ ಹಿಡಿದು ಐವತ್ತು ನಿಮಿಷ ಕಾದೆವು. ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ಮಂಗಳೂರಿನ ಕನ್ನಡದಲ್ಲಿ, ಹತ್ತಿರದ ಕನ್ನಡಿಗರ ಸಂಘ ಮೈಸೂರು ಅಸೋಸಿಯೇಷನ್ 1926ರಿಂದ ಇದೆ ಎಂದು ವಿವರಿಸುತ್ತಿದ್ದಂತೆ ನಮ್ಮ ನಂಬರ್ ಕೂಗಿದರು. ದೊಡ್ಡವ್ವ ಸಾರು ಎರಡು ಸಲ ಹಾಕಿಸಿಕೊಂಡರು. ಜೋಳದ ರೊಟ್ಟಿ ಇಲ್ಲವೆಂಬುದು ಮಾತ್ರ ಅವರ ದೂರು.

ಸಂಜೆ ಅವ್ವನ ಬಸ್ಸು. ಹಳೆಯ ಕೆಂಪು ಡಬಲ್ ಡೆಕ್ಕರ್‌ಗಳು 2023ರ ಸೆಪ್ಟೆಂಬರ್‌ನಲ್ಲೇ ರಸ್ತೆ ಬಿಟ್ಟವು ಎಂದು ನನಗೆ ಗೊತ್ತಾದದ್ದು ಮುಂಬೈಗೆ ಹೋದ ಮೇಲೆ. ಅವ್ವನಿಗೆ ಹೇಳಲು ಬಾಯಿ ಬರಲಿಲ್ಲ. ಲಾಡ್ಜ್‌ನ ಹುಡುಗನನ್ನು ಕೇಳಿದರೆ, ವಿದ್ಯುತ್ತಿನಲ್ಲಿ ಓಡುವ ಎ.ಸಿ. ಡಬಲ್ ಡೆಕ್ಕರ್‌ಗಳಿವೆ, ಟರ್ಮಿನಸ್ ಹೊರಗಿನಿಂದ ನರಿಮನ್ ಪಾಯಿಂಟ್ ಕಡೆಗೆ ಹೋಗುತ್ತವೆ ಎಂದ. ಎರಡು ಬಸ್ಸು ಬಿಟ್ಟು, ಮೂರನೆಯದರಲ್ಲಿ ಮೇಲಿನ ಮುಂದಿನ ಸೀಟು ಖಾಲಿ ಕಂಡಿತು. ಮೊಣಕಾಲು ನೋವಿನ ಅವ್ವ ನಮ್ಮೆಲ್ಲರಿಗಿಂತ ಮೊದಲು ಆ ಕಿರಿದಾದ ಮೆಟ್ಟಿಲು ಹತ್ತಿದ್ದಳು. ಟಿಕೆಟ್ 12 ರೂಪಾಯಿ. ಕೊನೆಯ ನಿಲ್ದಾಣದಲ್ಲಿ ಇಳಿಯಲು ಹೇಳಿದರೆ, “ಇದೇ ಬಸ್ಸು ತಿರುಗಿ ಹೋಗುವುದಿಲ್ಲವೇ?” ಎಂದು ಕಂಡಕ್ಟರನನ್ನು ಹಿಂದಿಯಲ್ಲಿ ಕೇಳಿದಳು. ಅವ್ವನಿಗೆ ಹಿಂದಿ ಬರುತ್ತದೆಂದು ನನಗೆ ಅಂದೇ ಗೊತ್ತಾಯಿತು. ಮತ್ತೆ 12 ರೂಪಾಯಿ. ಮರೀನ್ ಡ್ರೈವ್‌ನಲ್ಲಿ ಸೂರ್ಯಾಸ್ತ ನೋಡುವ ನನ್ನ ಯೋಜನೆ ಹಾಗೆಯೇ ಉಳಿಯಿತು.

ಸೋಮವಾರ ಹತ್ತಕ್ಕೆ ಕೋಣೆ ಬಿಡಬೇಕಿತ್ತು, ರೈಲು ರಾತ್ರಿ ಒಂಬತ್ತೂವರೆಗೆ. ಸಾಮಾನನ್ನು ನಿಲ್ದಾಣದ ಕ್ಲೋಕ್ ರೂಮಿನಲ್ಲಿಡಲು ಹೋದೆವು. ಬೀಗವಿಲ್ಲದ ಚೀಲವನ್ನು ತೆಗೆದುಕೊಳ್ಳುವುದಿಲ್ಲ ಎಂದರು. ಹೊರಗೆ ಓಡಿ 80 ರೂಪಾಯಿಗೊಂದರಂತೆ ಎರಡು ಬೀಗ ತಂದು ಸೂಟ್‌ಕೇಸುಗಳಿಗೆ ಹಾಕಿದೆ. ದೊಡ್ಡವ್ವನ ಬಟ್ಟೆಯ ಚೀಲಕ್ಕೆ ಜಿಪ್ಪೇ ಇರಲಿಲ್ಲ. ರೊಟ್ಟಿ, ಶೇಂಗಾ ಚಟ್ನಿಪುಡಿಯ ಡಬ್ಬಿಗಳಿದ್ದ ಆ ಚೀಲ ದಿನವಿಡೀ ನನ್ನ ಹೆಗಲ ಮೇಲೆ ಮುಂಬೈ ನೋಡಿತು.

ಟರ್ಮಿನಸ್‌ನಿಂದ ಲೋಕಲ್‌ನಲ್ಲಿ ಭಾಯಖಳಾ ಮೂರನೇ ನಿಲ್ದಾಣ, ಟಿಕೆಟ್ 5 ರೂಪಾಯಿ. ರೈಲ್ವೆಯ ಆ್ಯಪ್‌ನಲ್ಲಿ ಟಿಕೆಟ್ ತೆಗೆಯುವುದಾದರೆ ಹಳಿಯಿಂದ ದೂರವಿರುವಾಗಲೇ ತೆಗೆಯಿರಿ. ಹೆಂಗಸರ ಡಬ್ಬಿ ಖಾಲಿಯಿತ್ತು, ಕಿಟಕಿಯ ಪಕ್ಕ ಕುಳಿತೆವು. ಎದುರಿನ ರೈಲುಗಳ ಬಾಗಿಲಲ್ಲಿ ಜೋತಾಡುತ್ತಿದ್ದವರನ್ನು ನೋಡಿ ದೊಡ್ಡವ್ವ ಕೈಮುಗಿದರು.

ಪೆಂಗ್ವಿನ್‌ಗಳ ಗಾಜಿನ ಮನೆಯ ಮುಂದೆ ಮಗಳು ಅಲುಗಾಡದೆ ನಿಂತಳು. ನಾನು ವೇಟಿಂಗ್ ಲಿಸ್ಟ್ ಎಲ್ಲಿಗೆ ಬಂತೆಂದು ಟಿಕೆಟ್ಟಿನ ಪಿ.ಎನ್.ಆರ್. ನೋಡುತ್ತ ನಿಂತೆ. ಚಾರ್ಟ್ ಈಗ ರೈಲು ಹೊರಡುವ ಸುಮಾರು ಹತ್ತು ತಾಸು ಮೊದಲೇ ಆಗುತ್ತದೆ, ಅಂದರೆ ಹನ್ನೊಂದೂವರೆಯ ಹೊತ್ತಿಗೆ. ಬರ್ತ್ ಖಚಿತವಾಗದಿದ್ದರೆ ಹಿರಿಯರನ್ನು ರೈಲು ಹತ್ತಿಸಿ ನಾವಿಬ್ಬರೂ ಬಸ್ಸಿಗೆ ಹೋಗುವುದು ಎಂದು ಅಂದುಕೊಂಡಿದ್ದೆ. ಸೋಮವಾರ ರಾತ್ರಿಯ ಸ್ಲೀಪರ್ ಬಸ್ಸಿನ ದರ ಗಂಟೆಗೊಮ್ಮೆ ಏರುತ್ತಿತ್ತು. ಹನ್ನೊಂದು ಗಂಟೆಗೆ ವೇಟಿಂಗ್ 1. ಹನ್ನೊಂದೂಕಾಲಿಗೂ ಅದೇ. ಎಲಿಫೆಂಟಾದ ಕಲ್ಲಾನೆ ಇಲ್ಲೇ ಎಲ್ಲೋ ಇದೆಯೆಂದು ಮಗಳು ಕೈ ಹಿಡಿದು ಎಳೆದಳು. ಅದನ್ನು 1864ರಲ್ಲಿ ಇಂಗ್ಲೆಂಡಿಗೆ ಸಾಗಿಸಲು ಕ್ರೇನಿನಿಂದ ಎತ್ತಿದಾಗ ಬಿದ್ದು ಒಡೆಯಿತಂತೆ, ತುಂಡುಗಳನ್ನು ಜೋಡಿಸಿ ಇಲ್ಲಿ ನಿಲ್ಲಿಸಿದ್ದಾರೆ. ಬಿರುಕುಗಳು ಎಲ್ಲಿವೆ ಎಂದು ಹುಡುಕುತ್ತಿರುವಾಗ ಮೊಬೈಲ್ ಸದ್ದು ಮಾಡಿತು. ಎರಡೂ ಬರ್ತ್ ಖಚಿತ. ನಾನು ಆನೆಯ ಎದುರೇ ಕುಸಿದು ಕುಳಿತು, ಚೀಲ ಬಿಚ್ಚಿ, ಒಂದು ರೊಟ್ಟಿ ತಿಂದೆ.

ಖರ್ಚು ಕೇಳುವವರಿಗೆ: ರೈಲಿಗೆ ಸುಮಾರು 8,000, ಎರಡು ರಾತ್ರಿಯ ವಸತಿಗೆ ಸ್ನಾನದ ಹೆಚ್ಚುವರಿ ಸೇರಿ 8,800, ಎಲಿಫೆಂಟಾಕ್ಕೆ 1,600, ಟ್ಯಾಕ್ಸಿ, ಮೆಟ್ರೊ, ಬಸ್ಸಿಗೆ 2,400, ಊಟ ತಿಂಡಿಗೆ 4,000. ರದ್ದತಿಗಳಲ್ಲಿ ಹೋದದ್ದು ಬೇರೆ. ಅದೂ ಸೇರಿ ನಾಲ್ವರಿಗೆ ಇಪ್ಪತ್ತೈದು ಸಾವಿರ ದಾಟಿತು.

ಮಂಗಳವಾರ ಮಧ್ಯಾಹ್ನ ಮನೆ ತಲುಪಿ ಸೂಟ್‌ಕೇಸ್ ತೆರೆಯಹೋದರೆ ಒಂದು ಬೀಗದ ಕೀಲಿ ಸಿಗಲಿಲ್ಲ. ಅದರ ಎರಡು ಕೀಲಿಗಳನ್ನೂ ಭದ್ರವಾಗಿರಲೆಂದು ಕವರಿನಲ್ಲಿ ಸುತ್ತಿ ಆ ಸೂಟ್‌ಕೇಸಿನೊಳಗೇ ಇಟ್ಟು, ಆಮೇಲೆ ಬೀಗ ಒತ್ತಿದ್ದೆ. ಸುಭಾಸ್ ರಸ್ತೆಯ ಬೀಗದವನು ಒಡೆಯಲು ನೂರು ರೂಪಾಯಿ ಕೇಳಿದ.